ಸಿರುಗುಪ್ಪದ ಗೋದಾಮಿನಲ್ಲಿ ನಾನು ಮಾಡಿದ ಸದ್ದು

ರೆಕಾರ್ಡಿಂಗ್ ಮಾಡುವವರಿಗೆ ಇಬ್ಬರು ಶತ್ರುಗಳು. ಒಂದು ಸೀಲಿಂಗ್ ಫ್ಯಾನು, ಇನ್ನೊಂದು ಜನ. ಫ್ಯಾನಿಗಾದರೂ ಸ್ವಿಚ್ ಇರುತ್ತದೆ. ಅದಕ್ಕೇ ಡ್ರಮ್ ಮಾಸ್ತರು ಬಳ್ಳಾರಿಯ ನನ್ನ ಸ್ಟುಡಿಯೋಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಈ ಡಬ್ಬಿಯಂಥ ಖೋಲ್ಯಾಗ ನಾ ಬಾರಸಂಗಿಲ್ಲ ತಂಗಿ. ಮಂದಿ ಮುಂದ ಬಾರಸ್ತೀನಿ. ಇಲ್ಲಾಂದ್ರ ಆಲ್ಬಮ್ಮೂ ಬ್ಯಾಡ, ಏನೂ ಬ್ಯಾಡ" ಎಂದಾಗ ನನಗೆ ಅಲ್ಲೇ ತಲೆ ಕೆಟ್ಟುಹೋಯಿತು. ಯಾಕೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಎಷ್ಟು ಮೈಕು ಬೇಕಾದಾವು, ಎಷ್ಟು ಕೇಬಲ್ ಹೊರಬೇಕಾದೀತು ಎಂದು ಗೊಣಗುತ್ತಾ ಕೂತೆ.

ಮಾಸ್ತರು ಕುರುಗೋಡಿನವರು, ವಯಸ್ಸು ಎಪ್ಪತ್ತರ ಆಸುಪಾಸು. ನಲವತ್ತು ವರ್ಷ ನಾಟಕ ಕಂಪನಿಗಳಲ್ಲಿ ರಂಗದ ಮುಂದಿನ ತಗ್ಗಿನಲ್ಲಿ ಕೂತು ಬಾರಿಸಿದವರು. ಕಂಪನಿಗಳು ಒಂದೊಂದಾಗಿ ಪರದೆ ಇಳಿಸಿದ ಮೇಲೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದರು. ಈಗ ಬಲಭುಜದ ಕೀಲು ಸವೆದು, ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಆಮೇಲೆ ಆ ಕೈ ಹೆಗಲಿಗಿಂತ ಮೇಲೆ ಏಳುತ್ತದೆಯೋ ಇಲ್ಲವೋ ಎಂದು ಕೇಳಿದರೆ, "ನೋಡೋಣ" ಎಂದಿದ್ದರಂತೆ. ಡಾಕ್ಟರು "ನೋಡೋಣ" ಎಂದರೆ ಅದರ ಅರ್ಥ ಏನೆಂದು ಎಲ್ಲರಿಗೂ ಗೊತ್ತು.

ಈ ಆಲ್ಬಮ್ಮಿನ ಹುಚ್ಚು ಹತ್ತಿಸಿದವನು ಬೆಂಗಳೂರಿನ ಒಬ್ಬ ಸ್ಯಾಕ್ಸೊಫೋನ್ ವಾದಕ. ಯಾರದೋ ಮದುವೆಗೆಂದು ಬಳ್ಳಾರಿಗೆ ಬಂದಿದ್ದನಂತೆ. ಆರತಕ್ಷತೆಯ ನಡುವೆ ಜನರೇಟರ್ ಕೈಕೊಟ್ಟು, ಗಾಯಕರೆಲ್ಲ ಮೈಕ್ ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿರುವಾಗ, ಮಾಸ್ತರು ಒಬ್ಬರೇ ಇಪ್ಪತ್ತು ನಿಮಿಷ ಬಾರಿಸಿ ಜನರನ್ನು ಕೂಡಿಸಿಕೊಂಡಿದ್ದರು. ಅದನ್ನು ಕೇಳಿ ಇವನಿಗೆ ಊಟ ಇಳಿಯಲಿಲ್ಲ. "ಮೇಡಂ, ಇದು ಫ್ರೀ ಜಾಝ್. ಅವರಿಗೇ ಗೊತ್ತಿಲ್ಲ ಅಷ್ಟೇ" ಎಂದು ನನ್ನೆದುರು ಕೈಕಾಲು ಬೀಸಿ ವಿವರಿಸಿದ. ಮೊದಲೇ ಹಾಡು ಗೊತ್ತು ಮಾಡಿಕೊಳ್ಳಬಾರದು, ತಾಳ ಕಟ್ಟಿಕೊಳ್ಳಬಾರದು, ಒಬ್ಬರನ್ನೊಬ್ಬರು ಕೇಳಿಸಿಕೊಂಡು ಆ ಗಳಿಗೆಯಲ್ಲಿ ಹುಟ್ಟಿದ್ದನ್ನೇ ನುಡಿಸಬೇಕು. ಮಾಸ್ತರು ಇದನ್ನೆಲ್ಲ ತಲೆದೂಗುತ್ತಾ ಕೇಳಿ, "ಅಂದ್ರ ಪಾತ್ರಧಾರಿ ಮಾತು ಮರತು ನಿಂತಾಗ ನಾವು ಬಾರಸ್ತಿದ್ವಲ್ಲ, ಅದು" ಎಂದರು. "ಇದಕ್ಕೂ ಒಂದು ಹೆಸರೈತೇನು! ಹಂಗಾದ್ರ ನಾ ಇದನ್ನ ಭಾಳ ವರ್ಷದಿಂದ ಮಾಡಾಕತ್ತೀನಿ."

ಮೂರನೆಯವರು ಸಿರುಗುಪ್ಪದ ಬ್ಯಾಂಡ್ ಸೆಟ್ಟಿನ ಕ್ಲಾರಿಯೊನೆಟ್ ವಾದಕರು, ಮಾಸ್ತರ ಹಳೆಯ ಜೊತೆಗಾರರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರು ಕಡೆ ಜನರೆದುರು ನುಡಿಸುವುದು, ಮೂರನ್ನೂ ನಾನು ಹಿಡಿಯುವುದು, ಚೆನ್ನಾಗಿ ಬಂದದ್ದನ್ನು ಆರಿಸಿ ಆಲ್ಬಮ್ ಮಾಡುವುದು ಎಂದಾಯಿತು.

ಬಳ್ಳಾರಿಯಲ್ಲಿ ಸಿಕ್ಕಿದ್ದು ಒಂದು ಹಳೆಯ ಸಭಾಭವನ. ಬೆಳಿಗ್ಗೆಯಿಂದ ಹೊಡೆದಾಡಿದೆ. ದೊಡ್ಡ ಡ್ರಮ್ಮಿನೊಳಗೆ ದಿಂಬು ತುರುಕಿ ಒಂದು ಮೈಕು, ಸ್ನೇರ್ ಎಂಬ ಸಣ್ಣ ಡ್ರಮ್ಮಿಗೆ ಒಂದು, ಮೇಲಿನಿಂದ ಇಳಿಬಿಟ್ಟಿದ್ದು ಎರಡು, ಊದುವ ಇಬ್ಬರಿಗೆ ತಲಾ ಒಂದು. ಮಾಸ್ತರ ದೊಡ್ಡ ತಾಳದ ತಟ್ಟೆ ಸೀಳಿತ್ತು. ಸೀಳು ಮುಂದೆ ಹೋಗದಂತೆ ಅದರ ತುದಿಯಲ್ಲಿ ತೂತು ಕೊರೆಸಿದ್ದರು. ಬಡಿದರೆ 'ಸರ್ರ್' ಎಂದು ಕೊನೆಗೊಂದು ಬಾಲ. ಬೇರೆ ತಟ್ಟೆ ತರಿಸುತ್ತೇನೆ ಎಂದೆ. "ಅದು ನನ್ನ ಜೋಡಿ ಮುದುಕ ಆಗೈತಿ. ಹೊರಗ ಹಾಕಿದ್ರ ಚಂದ ಕಾಣತೈತೇನು?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಜನ ಬಂದರು. ಫ್ಯಾನು ಆರಿಸಿದೆ. ಬಳ್ಳಾರಿಯ ಸೆಕೆಯಲ್ಲಿ ಫ್ಯಾನು ಆರಿಸುವುದೆಂದರೆ ಏನು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಎಲ್ಲರೂ ಆಮಂತ್ರಣ ಪತ್ರಿಕೆಯಲ್ಲೇ ಗಾಳಿ ಹಾಕಿಕೊಳ್ಳತೊಡಗಿದರು. ನೂರು ಕಾಗದದ ಪಟಪಟ ಸದ್ದು! ಸಾಲುಸಾಲಾಗಿ ಹೋಗಿ ಎಲ್ಲವನ್ನೂ ಕಿತ್ತುಕೊಂಡೆ. ಆಮೇಲೆ ಮೈಕ್ ಹಿಡಿದು ಶಾಸನ ಓದಿದೆ: ಯಾರೂ ಮಾತಾಡಬಾರದು, ಫೋನ್ ಬಂದ್, ನಡುವೆ ಚಪ್ಪಾಳೆ ಬೇಡ, ಮುಗಿದ ಮೇಲೆ ಕೊನೆಯ ಸದ್ದು ಪೂರ್ತಿ ಆರುವ ತನಕ ಹತ್ತು ಸೆಕೆಂಡ್ ಉಸಿರೂ ಬಿಡಬಾರದು, ನಾನು ಕೈ ಎತ್ತಿದ ಮೇಲೆ ಚಪ್ಪಾಳೆ. ಜನ ಸಾಲಿ ಮಕ್ಕಳ ಹಾಗೆ ಕೈಕಟ್ಟಿ ಕೂತರು. ನನಗೆ ಬಹಳ ತೃಪ್ತಿಯಾಯಿತು.

ಮೊದಲನೆಯದು ಹದಿನಾಲ್ಕು ನಿಮಿಷ, ಬೆಂಕಿ. ಮುಗಿಯಿತು. ನಾನು ಹೆಡ್‌ಫೋನಿನಲ್ಲಿ ಒಂದು, ಎರಡು ಎಂದು ಎಣಿಸುತ್ತಿದ್ದೆ. ಮಾಸ್ತರು ಕಡ್ಡಿಗಳನ್ನು ಎದೆಗೆ ಒತ್ತಿಕೊಂಡು, ಕತ್ತು ಮುಂದೆ ಚಾಚಿ ಜನರ ಕಡೆ ನೋಡುತ್ತಿದ್ದರು. ಐದು, ಆರು. ಅವರ ಕತ್ತು ಹಿಂದೆ ಸರಿಯಿತು. ಒಂಬತ್ತು, ಹತ್ತು. ಕೈ ಎತ್ತಿದೆ, ಚಪ್ಪಾಳೆ ಬಿತ್ತು. ಎರಡನೆಯದರಲ್ಲಿ ಅರ್ಧ ಜೀವ. ಮೂರನೆಯದಕ್ಕೆ ಬಂದಾಗ ಮಾಸ್ತರು ಭಜನೆಗೆ ಬಾರಿಸುವ ಹಾಗೆ ಬರೀ ತಾಳ ಹಿಡಿದು ಕೂತುಬಿಟ್ಟರು.

"ಏನಾಯ್ತು ಮೇಡಂ ಇವರಿಗೆ?" ಎಂದು ಸ್ಯಾಕ್ಸಿನವನು ಕೇಳಿದ.

"ನನ್ನನ್ನ ಕೇಳಿದ್ರ? ನಾ ಸೌಂಡ್ ಹಿಡಿಯಾಕಿ, ಡಾಕ್ಟರಲ್ಲ" ಎಂದೆ.

ಸ್ಟುಡಿಯೋದಲ್ಲಿ ಕೇಳಿದರೆ ರೆಕಾರ್ಡಿಂಗ್ ಕನ್ನಡಿಯಷ್ಟು ಸ್ವಚ್ಛ. ಒಂದು ಕೆಮ್ಮಿಲ್ಲ. ಮೊದಲ ಹದಿನಾಲ್ಕು ನಿಮಿಷ ಬಿಟ್ಟರೆ ಏನೂ ಇಲ್ಲ ಕೂಡ.

ಸಿರುಗುಪ್ಪದಲ್ಲಿ ರೈಸ್ ಮಿಲ್ಲೊಂದರ ಖಾಲಿ ಗೋದಾಮು. ತಗಡಿನ ಸೂರು, ಉದ್ದ ಗೋಡೆ. ಚಿಟಿಕೆ ಹೊಡೆದರೆ ಆ ಕಡೆಯಿಂದ ವಾಪಸು ಬರುತ್ತಿತ್ತು. ಆ ಗುಂಗು ಚೆನ್ನಾಗಿದೆ ಎಂದು ಹಿಂದಿನ ಗೋಡೆಯ ಬಳಿ ಇನ್ನೆರಡು ಮೈಕು ನಿಲ್ಲಿಸಿದೆ. ರೆಕಾರ್ಡರ್ ಹಚ್ಚಿದ ಕೂಡಲೇ ಎಲ್ಲ ಮೈಕಿನಲ್ಲೂ 'ಹೂಂ' ಎಂಬ ಗುಯ್‌ಗುಡಿತ. ಕೇಬಲ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಬೈದೆ, ಏನೂ ಉಪಯೋಗವಿಲ್ಲ. ಕೊನೆಗೆ ಮಿಲ್ಲಿನ ವಾಚ್‌ಮನ್ ಬಂದು, "ಕರೆಂಟಿನ ಅರ್ತಿಂಗ್ ಗುಂಡಿ ಒಣಗೈತ್ರಿ ಅಕ್ಕಾರ" ಎಂದ. ಅರ್ಧ ಚೀಲ ಉಪ್ಪು, ನಾಲ್ಕು ಕೊಡ ನೀರು ಸುರಿದೆವು. ಗುಯ್‌ಗುಡಿತ ಇಳಿಯಿತು. ಆದರೆ ಹಿಂದಿನ ಗೋಡೆಯ ಎರಡು ಮೈಕಿನಲ್ಲಿ ಮಾತ್ರ ಹೋಗಲಿಲ್ಲ. ಕಿವಿಗೆ ಕಿರಿಕಿರಿ ಬೇಡವೆಂದು ಆ ಎರಡನ್ನೂ ಹೆಡ್‌ಫೋನಿನಲ್ಲಿ ಮುಚ್ಚಿಟ್ಟೆ. ರೆಕಾರ್ಡ್ ಆಗುತ್ತಿರಲಿ, ಆಮೇಲೆ ನೋಡೋಣ ಎಂದುಕೊಂಡೆ.

ಶಾಸನವನ್ನು ಇಲ್ಲಿ ಇನ್ನೂ ಬಿಗಿಯಾಗಿ ಓದಿದೆ. ಬ್ಯಾಂಡಿನವರು, ಮಿಲ್ಲಿನ ಹಮಾಲರು, ಕಾಲೇಜಿನ ಕೆಲವರು, ಎಲ್ಲ ಸೇರಿ ಒಂದು ಎಂಬತ್ತು ಜನ. ನಾನು ಹಿಂದೆ ರೆಕಾರ್ಡರ್ ಮುಂದೆ ಕೂತಿದ್ದೆ. ನನ್ನ ಬೆನ್ನ ಹಿಂದೆ ಗೋಣಿಚೀಲಗಳ ಮೇಲೆ ರುಮಾಲು ಸುತ್ತಿದ ಒಬ್ಬ ಮುದುಕರು ಕೂತಿದ್ದರು.

ಎರಡನೆಯ ಸುತ್ತಿನಲ್ಲಿ ಊದುವವರಿಬ್ಬರೂ ನಿಲ್ಲಿಸಿ ಮಾಸ್ತರನ್ನು ಒಬ್ಬರೇ ಬಿಟ್ಟರು. ಆಗ ಅವರು ಬಾರಿಸಿದ್ದನ್ನು ಹೇಗೆ ಹೇಳಲಿ? ಕಾಲಿನದೇ ಒಂದು ಜಗಳ, ಕೈಯದೇ ಒಂದು ಜಗಳ, ನಡುವೆ ಆ ಒಡಕು ತಟ್ಟೆ ಬಿಡಿಸಲು ಬಂದು ತಾನೂ ಸೇರಿಕೊಳ್ಳುತ್ತಿತ್ತು. ನೋವಿನ ಭುಜ ಎಲ್ಲಿ ಹೋಗಿತ್ತೋ. ಒಂದು ದೊಡ್ಡ ಪೆಟ್ಟು ಕೊಟ್ಟು ತಟ್ಟನೆ ನಿಂತರು. ಮುಗಿದಿರಲಿಲ್ಲ, ಬರೀ ಉಸಿರೆಳೆದುಕೊಳ್ಳುವಷ್ಟು ಬಿಡುವು. ಅಷ್ಟರಲ್ಲಿ ನನ್ನ ಹಿಂದಿನ ಮುದುಕರು ಕೈ ಮೇಲೆತ್ತಿ ಏನೋ ಕೂಗಿದರು. ಹೆಡ್‌ಫೋನಿನ ಆಚೆ ಅದೇನೆಂದು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಸಹನೆ ಯಾರಿಗಿತ್ತು? ಗರ್ರನೆ ತಿರುಗಿ, ಬಾಯಿಗೆ ಬೆರಳಿಟ್ಟು, "ಶ್ಶ್!" ಎಂದೆ. ಇಡೀ ಗೋದಾಮಿಗೆ ಕೇಳಿಸಿತು. ಮುದುಕರು ಕೈ ಇಳಿಸಿದರು.

ಮಾಸ್ತರು ಮತ್ತೆ ಶುರು ಮಾಡಿದರು, ಎರಡು ನಿಮಿಷ ಬಾರಿಸಿದರು, ಕಡ್ಡಿ ಕೆಳಗಿಟ್ಟರು.

"ಮಾಸ್ತರ, ರೆಕಾರ್ಡಿಂಗ್ ನಡದೈತ್ರಿ!" ಎಂದು ಹಿಂದಿನಿಂದಲೇ ಚೀರಿದೆ. ಇಡೀ ಸಭೆಗೆ ಮೌನ ಬೋಧಿಸಿದವಳು ನಾನೇ.

"ನಡೀಲಿ ಬಿಡು. ಸಾಕು" ಎಂದು ಎದ್ದುಬಿಟ್ಟರು.

ಮಿಲ್ಲಿನ ಎದುರಿನ ಚಹಾದಂಗಡಿಯಲ್ಲಿ ಅವರನ್ನು ಹಿಡಿದೆ. ನನಗೂ ರೇಗಿಹೋಗಿತ್ತು. "ಏನ್ರಿ ಮಾಸ್ತರ ಇದು? ಬೆಳಗಿನಿಂದ ಉಪ್ಪು, ನೀರು ಹೊತ್ತೀನಿ. ಚಲೋ ನಡದಿತ್ತು, ನಡುವ ಎದ್ದು ಬಂದ್ರಿ. ನಮ್ಮ ಕಷ್ಟಕ್ಕ ಕಿಮ್ಮತ್ತಿಲ್ಲೇನು?"

"ಯಾರೋ ಕೂಗಿದ್ರಲ್ಲ, ಏನಂದ್ರು?"

"ಯಾವನೋ ಮುದುಕ. ಕುಡದಿದ್ದ ಕಾಣತೈತಿ."

"ಸಾಕು ಮಾಡು ಅಂದಿರಬೇಕು" ಎಂದು ಮಾಸ್ತರು ಬಟ್ಟಲನ್ನು ಊದಿದರು. ಒಂದು ಗುಟುಕು ಕುಡಿದು ಅವರೇ ಶುರು ಮಾಡಿದರು. "ತಂಗಿ, ನೀ ನಾಟಕ ನೋಡೀಯೇನು? ಹಾಡು ಹಿಡಿಸಿದ್ರ ಮಂದಿ ವನ್ಸ್ ಮೋರ್ ಅಂತಿದ್ರು. ಸತ್ತು ಬಿದ್ದ ಪಾತ್ರ ಎದ್ದು ಕುಂತು ಇನ್ನೊಮ್ಮೆ ಹಾಡಿ ಮತ್ತ ಸಾಯತಿತ್ತು. ಮೂರು ಮೂರು ಸಲ ಸತ್ತಾವು. ಅಷ್ಟೂ ಸಲ ನಾನೂ ಬಾರಿಸೀನಿ. ಆದ್ರ ವನ್ಸ್ ಮೋರ್ ಬಂದಿದ್ದು ಹಾಡೋರಿಗೆ. ತಗ್ಗಿನಾಗ ಕುಂತು ಬಡಿಯೋನಿಗೆ ಯಾರಂತಾರ? ನಲವತ್ತು ವರ್ಷದಾಗ ಒಂದು, ಒಂದ ಒಂದು ಬಂದಿಲ್ಲ. ಈ ಸ್ಯಾಕ್ಸಿನ ಹುಡುಗ ಬಂದು ನೀವ ಮುಂದ ಕುಂದರ್ರಿ, ನಿಮ್ಮದ ಕಛೇರಿ ಅಂದ. ಅದಕ್ಕ ಮಂದಿ ಬೇಕಂದೆ. ಕೈ ಹೋಗೂಕಿಂತ ಮೊದಲ ಒಮ್ಮೆ ಕೇಳೋಣಂತ ಆಸಿ. ಅಷ್ಟ."

ನನ್ನ ಚಹಾ ಹಾಗೇ ಉಳಿಯಿತು. ಆ ಹತ್ತು ಸೆಕೆಂಡುಗಳು ನೆನಪಾದವು. ಕತ್ತು ಚಾಚಿ ಕಾಯುತ್ತಿದ್ದರಲ್ಲ, ಇದಕ್ಕೇ! ಜನರ ಬಾಯಿಗೆ ಬೀಗ ಹಾಕಿ ಬೀಗದ ಕೈ ಜೇಬಲ್ಲಿಟ್ಟುಕೊಂಡು ಕೂತವಳು ನಾನು. ನಾಚಿಕೆಯಾದಾಗ ನನ್ನ ಬಾಯಿಂದ ಮೂರ್ಖತನವೇ ಬರುವುದು: "ಅಷ್ಟೇನ್ರಿ? ಕುರುಗೋಡಿನಾಗ ನಾಕು ಮಂದಿಗೆ ಹೇಳಿ ಕೂಗಸ್ತೀನಿ ಬಿಡ್ರಿ."

ಮಾಸ್ತರು ಬಟ್ಟಲನ್ನು ಟಪ್ಪನೆ ಇಟ್ಟರು. "ಅದೊಂದು ಮಾಡಬ್ಯಾಡ. ಕಂಪನಿ ಮಾಲೀಕರು ಬಿಟ್ಟಿ ಟಿಕೀಟು ಕೊಟ್ಟು ಮಂದಿ ಕುಂದರಿಸಿ ಕೂಗಸ್ತಿದ್ರು. ಅಂಥಾ ವನ್ಸ್ ಮೋರ್ ಭಾಳ ಕೇಳೀನಿ. ಹೇಳಿಸಿದ್ದು ಯಾವುದು, ಹೊಟ್ಟಿಯಿಂದ ಬಂದಿದ್ದು ಯಾವುದು, ಕಿವಿಗೆ ಗೊತ್ತಾಗತೈತಿ."

ಕುರುಗೋಡಿಗೆ ಹೋಗುವ ಮೊದಲು ತೀರ್ಮಾನಿಸಿದೆ: ಶಾಸನ ಬಂದ್. ಜನ ಏನು ಬೇಕಾದರೂ ಮಾಡಲಿ. ಎರಡು ಮೈಕು ಜನರ ಕಡೆಗೇ ತಿರುಗಿಸುತ್ತೇನೆ. ಸ್ಯಾಕ್ಸಿನವನು ಫೋನಿನಲ್ಲೇ ಕುಣಿದಾಡಿದ. "ಮೇಡಂ, ಗಲಾಟೆ ಎಲ್ಲ ಟ್ರ್ಯಾಕಲ್ಲಿ ಕೂತ್ರೆ ಆಮೇಲೆ ತೆಗೆಯೋಕಾಗಲ್ಲ. ಅದೂ ಅಲ್ದೆ ಯಾರಾದ್ರೂ ವನ್ಸ್ ಮೋರ್ ಅಂದ್ರೆ ಏನು ಮಾಡ್ತೀರಾ? ನಾವು ನುಡಿಸಿದ್ದು ನಮಗೇ ಮತ್ತೆ ನುಡಿಸೋಕೆ ಬರಲ್ಲ!"

"ಅಂದ ಮ್ಯಾಲ ನೋಡಿಕೊಳ್ಳಾಕ ಮಾಸ್ತರದಾರ. ಮೊದಲ ಅನ್ನಲಿ ತಡಿ" ಎಂದು ಫೋನಿಟ್ಟೆ.

ಕುರುಗೋಡಿನಲ್ಲಿ ಗುಡ್ಡದ ಬುಡದ ಬಯಲು, ಸಂಜೆ ಬಿಸಿಲು. ಹೊಡೆದ ಪೆಟ್ಟು ಬಂಡೆಗಳಿಗೆ ತಾಗಿ ಅರೆಕ್ಷಣ ತಡವಾಗಿ ವಾಪಸು ಬರುತ್ತಿತ್ತು. ಮಾಸ್ತರು ಅದನ್ನೂ ಒಬ್ಬ ವಾದಕನೆಂದುಕೊಂಡು ಜೊತೆಗೆ ಸೇರಿಸಿಕೊಂಡರು. ಅಬ್ಬಾ, ಎಂಥ ಕಛೇರಿ! ಜೊತೆಗೆ ಎಂಥ ಸದ್ದು! ಮಕ್ಕಳ ಅಳು, ಮೇಕೆಗಳ ಹಿಂಡು, ಹಾಡು ಹಾಕಿಕೊಂಡು ಹೋದ ಟ್ರ್ಯಾಕ್ಟರು. ಒಬ್ಬ ಮಹಾಶಯರು ಮೈಕಿನ ಪಕ್ಕದಲ್ಲೇ ನಿಂತು, "ಹಾಂ, ಇಲ್ಲೇ ಅದೀನಿ, ಡ್ರಮ್ ಬಡ್ಯಾಕತ್ತಾರ, ಹಾಡು ಇನ್ನೂ ಶುರು ಆಗಿಲ್ಲ" ಎಂದು ಫೋನಿನಲ್ಲಿ ಯಾರಿಗೋ ವರದಿ ಒಪ್ಪಿಸಿದರು. ನಾಲಿಗೆ ಕಚ್ಚಿಕೊಂಡು ಕೂತೆ. ನಲವತ್ತು ನಿಮಿಷ ಮೂವರೂ ಎಲ್ಲೂ ಬೀಳಲಿಲ್ಲ.

ಮುಗಿದಾಗ ಸಿಳ್ಳೆ, ಚಪ್ಪಾಳೆ, ಎತ್ತಿ ಹಿಡಿದ ಫೋನುಗಳು. ಮಾಸ್ತರು ಕಡ್ಡಿ ಎದೆಗೊತ್ತಿ ನಿಂತರು. ನಾನು ಎಣಿಸಬಾರದೆಂದರೂ ಎಣಿಸಿದೆ. ಹತ್ತು ದಾಟಿತು, ಇಪ್ಪತ್ತು ದಾಟಿತು. ಜನ ಮೆಚ್ಚಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ಕಂಪನಿ ನಾಟಕವನ್ನೇ ನೋಡದ ವಯಸ್ಸಿನವರು. ಮೆಚ್ಚಿದರೆ 'ವನ್ಸ್ ಮೋರ್' ಎಂದು ಕೂಗಬೇಕೆಂದು ಅವರಿಗೆ ಹೇಳಿಕೊಟ್ಟವರಾರು? ಆ ಮಾತು ನನ್ನ ಗಂಟಲಲ್ಲೇ ಬಂದು ಕೂತಿತ್ತು. ನಾನು ಕೂಗಿದರೆ ಅವರ ಕಿವಿಗೆ ಗೊತ್ತಾಗುತ್ತದೆ. ನುಂಗಿಕೊಂಡೆ.

"ಇರ್ಲಿ ಬಿಡು ತಂಗಿ. ಚಲೋ ಆತು" ಎಂದರು ಮಾಸ್ತರು ಡ್ರಮ್ಮಿನ ಸ್ಕ್ರೂ ಬಿಚ್ಚುತ್ತಾ. ಎಡಗೈಯಲ್ಲಿ ಬಿಚ್ಚುತ್ತಿದ್ದರು. ಮುಂದಿನ ವಾರ ಆಪರೇಷನ್ ಆಯಿತು.

ಆಲ್ಬಮ್ಮಿಗೆ ಬಳ್ಳಾರಿಯ ಹದಿನಾಲ್ಕು ನಿಮಿಷ, ಕುರುಗೋಡಿನದು ಪೂರ್ತಿ ಎಂದು ನಿಶ್ಚಯವಾಯಿತು. ಸಿರುಗುಪ್ಪದ್ದು ಅರ್ಧಕ್ಕೆ ನಿಂತದ್ದು, ಅಳಿಸಿಬಿಡಿ ಎಂದ ಸ್ಯಾಕ್ಸಿನವನು. ಅಳಿಸುವ ಮೊದಲು ಪ್ರತಿ ಟ್ರ್ಯಾಕನ್ನೂ ಒಮ್ಮೆ ಒಂಟಿಯಾಗಿ ಕೇಳುವುದು ನನ್ನ ಪದ್ಧತಿ. ಡ್ರಮ್ಮಿನವು ಮುಗಿದವು, ಊದುವವು ಮುಗಿದವು. ಉಳಿದದ್ದು ಹಿಂದಿನ ಗೋಡೆಯ ಎರಡು ಮೈಕು, ಅವತ್ತು ನಾನು ಕಿವಿಯಿಂದ ಮುಚ್ಚಿಟ್ಟವು. ಗುಯ್‌ಗುಡಿತವನ್ನು ಬೈಯುತ್ತಾ ಹಚ್ಚಿದೆ. ಮಾಸ್ತರ ಒಂಟಿ ಬಾರಿಸುವಿಕೆ ಬಂತು, ದೂರದಿಂದ, ತಗಡಿಗೆ ತಾಗಿ ದೊಡ್ಡದಾಗಿ. ಆ ದೊಡ್ಡ ಪೆಟ್ಟು ಬಂತು. ಬಿಡುವು. ಆಗ ಮೈಕಿನ ಪಕ್ಕದಲ್ಲೇ, ಒಡೆದ ಮುದಿದನಿಯಲ್ಲಿ, ಹೊಟ್ಟೆಯ ತಳದಿಂದ:

"ವನ್ಸ್ ಮೋ..."

ಅದರ ಮೇಲೇ, "ಶ್ಶ್!"

ಮತ್ತೆ ಹಚ್ಚಿದೆ. ಮತ್ತೆ ಅದೇ. ನಲವತ್ತು ವರ್ಷಕ್ಕೆ ಒಂದು ಬಂದಿತ್ತು. ಅದರ ಕತ್ತು ಹಿಸುಕಿದವಳು ನಾನು. ಮೇಲಾಗಿ ಆ ಹಿರಿಯರನ್ನು ಕುಡುಕ ಎಂದಿದ್ದೆ. ಟೇಬಲ್ ಮೇಲೆ ತಲೆಯಿಟ್ಟು ಅತ್ತೆ. ಅತ್ತು ಮುಗಿಸಿ, ಮುಖ ತೊಳೆದು, ನನ್ನ ಆ 'ಶ್ಶ್' ಸದ್ದನ್ನು ತೆಗೆಯಲು ಕೂತೆ. ಎರಡು ದಿನ ಒದ್ದಾಡಿದೆ. 'ಮೋರ್' ಎಂಬುದರ ಬಾಲವೂ ನನ್ನ 'ಶ್ಶ್' ಕೂಡ ಒಂದೇ ಕ್ಷಣದಲ್ಲಿ ಹೆಣೆದುಕೊಂಡಿದ್ದವು. ನನ್ನದನ್ನು ಕೊಯ್ದರೆ ಅವರದೂ ಹೋಗುತ್ತಿತ್ತು, ಬರೀ 'ವನ್ಸ್' ಉಳಿಯುತ್ತಿತ್ತು. ಈ ಕೆಲಸದಲ್ಲಿ ಇಷ್ಟು ವರ್ಷ ಸವೆಸಿ, ನನ್ನದೇ ಒಂದು ಸದ್ದು ಅಳಿಸಲು ನನಗೆ ಬರಲಿಲ್ಲ.

ಸ್ಯಾಕ್ಸಿನವನಿಗೆ ಕಳಿಸಿದೆ. "ಮಾಸ್ತರು ಬಾರಿಸಿರೋದೇನೋ ಅದ್ಭುತ ಮೇಡಂ. ಆದ್ರೆ ಆ ಶ್ಶ್ ಇಟ್ಕೊಂಡು ಆಲ್ಬಮ್ ಹೊರಗೆ ತಂದ್ರೆ ನಗ್ತಾರೆ" ಎಂದ. ನಗಲಿ ಎಂದೆ. ಆದರೂ ಇಡಬೇಕೋ ಬೇಡವೋ ಎಂದು ಹೇಳಬೇಕಾದವರು ಅವನೂ ಅಲ್ಲ, ನಾನೂ ಅಲ್ಲ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಮಾಸ್ತರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಬಲಗೈ ಪಟ್ಟಿಯಲ್ಲಿ ಎದೆಗೆ ತೂಗಿತ್ತು. ನಾನು ಏನೂ ಹೇಳದೆ ಅವರ ತಲೆಗೆ ಹೆಡ್‌ಫೋನ್ ಹಾಕಿ ಹಚ್ಚಿದೆ. ಎಡಗೈ ಬೆರಳು ತೊಡೆಯ ಮೇಲೆ ತಾಳ ಹುಡುಕತೊಡಗಿತು. ಆ ಜಾಗ ಬಂದಾಗ ಬೆರಳು ನಿಂತಿತು. ಕಣ್ಣು ನನ್ನ ಮೇಲೆ ನೆಟ್ಟಿತು. ಹೆಡ್‌ಫೋನ್ ಅರ್ಧ ಸರಿಸಿ ಕೇಳಿದರು:

"ಯಾರಾತ?"

"ಗೊತ್ತಿಲ್ರಿ. ವಾಚ್‌ಮನ್ನಿಗೆ ಫೋನ್ ಮಾಡಿ ಕೇಳಿದೆ. ಅಲ್ಲೇ ಸಿರುಗುಪ್ಪ ಹತ್ರದ ಕರೂರಿನ ಕಡಿಯವರಂತ. ಕಛೇರಿ ನಿಂತ ಕೂಡ್ಲೇ ಎದ್ದು ಬಸ್ಸಿಗೆ ಹೋದ್ರಂತ." ಇನ್ನೂ ಹೇಳಬೇಕಿತ್ತು. "ಅವರು ಕುಡದಿದ್ದಿಲ್ರಿ ಮಾಸ್ತರ. ನಾ ಸುಳ್ಳು ಹೇಳಿದೆ. ಏನಂದ್ರಂತ ಕೇಳಿಸಿಕೊಂಡಿದ್ದಿಲ್ಲ. ನಿಮಗ ಬಂದಿದ್ದನ್ನ ನಾನ ಹಾಳು ಮಾಡಿದೆ. ನನ್ನ ಸದ್ದು ತೆಗೀಬೇಕಂತ ಎರಡು ದಿನ ಬಡಕೊಂಡೆ, ಆಗವಲ್ದು. ಬೇಕಾದ್ರ ಅವರದೂ ಸೇರಿಸಿ ಕೊಯ್ದು ಒಗೀತೀನಿ, ಬರೀ ಬಾರಿಸಿದ್ದು ಉಳೀತೈತಿ. ನೀವು ಹೆಂಗ ಹೇಳ್ತೀರೋ ಹಂಗ."

ಮಾಸ್ತರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಗುಡ್ಡದ ಕಡೆ ನೋಡಿದರು. ಆಮೇಲೆ ಮುಖದ ತುಂಬ ನಗು ಬಂತು.

"ಹುಚ್ಚಿ ಇದ್ದೀ ನೋಡು. ಅದನ್ನ ಯಾಕ ತೆಗೀತಿ? ಬರೀ ವನ್ಸ್ ಮೋರ್ ಇದ್ರ, ಈ ಡ್ರಮ್ ಬಡಿಯೋ ಮುದುಕ ಯಾರಿಗೋ ಹೇಳಿ ಕೂಗಿಸ್ಯಾನ ಅಂತಾರ ಮಂದಿ. ನೀ ಬಾಯಿ ಮುಚ್ಚಿಸಿದ್ದು ಐತಲ್ಲ, ಅದ ಸಾಕ್ಷಿ. ಹೇಳಿ ಕೂಗಿಸಿದೋರು ಯಾರಾದ್ರೂ ಶ್ಶ್ ಅಂತಾರೇನು?"

ಹೆಡ್‌ಫೋನನ್ನು ಎಡಗೈಯಿಂದಲೇ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಗೋಡೆಗೆ ಒರಗಿದರು.

"ಇನ್ನೊಮ್ಮೆ ಹಚ್ಚು."